ನೂರು ನೋಟ

ವಂಡ್ಸೆ
೧೨ ಮೇ ೨೦೨೪

ಜಲಜಾ,

ಕಾಗದ ಬಿಚ್ಚದೆ ಒಲೆಗೆ ಹಾಕಬೇಡ ಮಾರಾಯ್ತಿ. ಹಾಕುವುದೇ ಆದರೆ ಒಂದು ಸಲ ಓದಿ ಹಾಕು.

ನಿನ್ನೆ ವಂಡ್ಸೆ ಪೇಟೆಯಲ್ಲಿ ನಿನ್ನನ್ನು ಕಂಡೆ. ನಾನು ಕೊಲ್ಲೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಬದಿ ಕೂತಿದ್ದೆ. ನೀನು ಮೀನಿನ ಬುಟ್ಟಿ ಕೆಳಗಿಟ್ಟು ಕಂಬ ಹಿಡಿದುಕೊಂಡು ಕೆಮ್ಮುತ್ತಿದ್ದೆ. ಬಸ್ಸು ನಿಂತು, ಜನ ಇಳಿದು, ಜನ ಹತ್ತಿ, ಮತ್ತೆ ಹೊರಡುವವರೆಗೂ ಆ ಕೆಮ್ಮು ನಿಲ್ಲಲಿಲ್ಲ. ರವಿಕೆ ಭುಜದಿಂದ ಜಾರುತ್ತಿತ್ತು. ಇಳಿಯಬೇಕೆಂದು ಎದ್ದೆ. ಅಷ್ಟರಲ್ಲಿ ನೀನು ತಲೆ ಎತ್ತಿದೆ, ನಾನು ಮತ್ತೆ ಕೂತೆ. ಹೆದರಿದೆ ಎಂದೇ ತಿಳಿದುಕೋ.

ಫೋನು ನೀನು ಎತ್ತುವುದಿಲ್ಲ. ನಿನ್ನ ಮಗ ರತನ್‌ಗೆ ಮಾಡಿದರೆ, ಅಮ್ಮ ಮಾತಾಡುವುದಿಲ್ಲ ಅಂದಿದ್ದಾರೆ ಎಂದು ಇಟ್ಟುಬಿಡುತ್ತಾನೆ. ಜನವರಿಯಲ್ಲಿ ನಿನ್ನ ಗಂಡ ಗುಡ್ಡಣ್ಣ ತೀರಿಕೊಂಡ ದಿನ ಗಂಗೊಳ್ಳಿಗೆ ಬಂದೆನಲ್ಲ, ಆಗ ನೀನು ಎಲ್ಲರೆದುರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ನೀನ್ ಬರ್ದ್ ಕೊಟ್ಟ ಕಾಗ್ದ ನಂಬಿ ಕೂತೆ ನಾನ್. ಇನ್ನ್ ಈ ಮನಿಗ್ ಬರ್ಬೇಡ." ನಾನು ಬರಲಿಲ್ಲ. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ಐವತ್ತು ವರ್ಷದಲ್ಲಿ ನಾಲ್ಕು ತಿಂಗಳು ಮಾತು ಬಿಟ್ಟದ್ದು ಇದೇ ಮೊದಲು.

ಈಗ ಮಾತು ಗುಡ್ಡಣ್ಣನದ್ದಲ್ಲ, ನಿನ್ನದು. ಮೂವತ್ತೊಂದು ವರ್ಷದಿಂದ ಆರೋಗ್ಯ ಕೇಂದ್ರದ ಲ್ಯಾಬಿನಲ್ಲಿ ಕೂತು ಊರವರ ಕಫವನ್ನು ಗಾಜಿಗೆ ಬಳಿದು ಕ್ಷಯದ ಹುಳ ಹುಡುಕಿದವಳು ನಾನು. ಆ ಕೆಮ್ಮಿನ ಸದ್ದು ನನಗೆ ಗೊತ್ತು. ಗುಡ್ಡಣ್ಣ ಹೋದ ಮೇಲೆ ಆಶಾ ಕಾರ್ಯಕರ್ತೆ ಎರಡು ಸಲ ನಿಮ್ಮಲ್ಲಿಗೆ ಬಂದರೂ ನೀನು ಮನೆಯಲ್ಲಿಲ್ಲ ಎಂದು ಹೇಳಿಸಿದೆಯಂತೆ. ನಿನ್ನ ಸೊಸೆ ದಿವ್ಯಾಳ ಕೂಸಿಗೆ ಈಗ ಆರು ತಿಂಗಳು ಇರಬೇಕು. ಅದನ್ನು ಎದೆಗೆ ಒತ್ತಿಕೊಂಡು ಮಲಗಿಸುವವಳು ನೀನೇ ಅಲ್ಲವಾ?

ಕಫ ಕೊಡು. ನನ್ನ ಹತ್ತಿರ ಬೇಡ. ಬೈಂದೂರಿನಲ್ಲಿ ಕೊಡು, ಕುಂದಾಪುರದಲ್ಲಿ ಕೊಡು. ಎಲ್ಲಿಯಾದರೂ ಕೊಡು.

ಗಿರಿಜಾ


ವಂಡ್ಸೆ
೪ ಜೂನ್ ೨೦೨೪

ಜಲಜಾ,

ಹಿಂದಿನ ಕಾಗದ ಅಂಚೆಯಲ್ಲಿ ಕಳೆದುಹೋಗಿರಬಹುದು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಇದನ್ನು ಬಸ್ಸಿನ ಕಂಡಕ್ಟರ್ ಬಚ್ಚನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಬುಟ್ಟಿಯ ಮೇಲೆಯೇ ಇಟ್ಟು ಬಾ ಎಂದಿದ್ದೇನೆ. ಅವನಿಗೂ ಎರಡು ಬಯ್ಯಬೇಡ, ಪಾಪ.

ಬ್ರಹ್ಮಾವರದಲ್ಲಿ ಕಣ್ಣು ತೋರಿಸಿಕೊಂಡು ಬಂದೆ. ಎಡಗಣ್ಣಿನಲ್ಲಿ ಪೊರೆ ಶುರುವಾಗಿದೆಯಂತೆ. ಈಗೀಗ ಬಂದದ್ದೋ, ವರ್ಷದ ಹಿಂದೆಯೇ ಇತ್ತೋ ಎಂದು ಡಾಕ್ಟರನ್ನು ಮೂರು ಸಲ ಕೇಳಿದೆ. ಅವರು ನಕ್ಕು, ನಿಮಗೆ ಯಾವುದು ಬೇಕೋ ಅದನ್ನೇ ಹೇಳುತ್ತೇನೆ ಅಂದರು. ನನಗೆ ನಗು ಬರಲಿಲ್ಲ. ಲ್ಯಾಬಿನಲ್ಲಿ ಗಾಜು ನೋಡುವುದು ಬಲಗಣ್ಣಿನಲ್ಲಿಯೇ, ಆದರೂ ಕೇಳಬೇಕು ಅನ್ನಿಸಿತು.

ಬರುವ ಮಾರ್ಚಿಗೆ ನಿವೃತ್ತಿ. ಸಾಕಾಗಿದೆ ಜಲಜ. ಬೆಳಿಗ್ಗೆ ಡಬ್ಬಿಗಳ ಮುಚ್ಚಳ ತೆಗೆಯುವಾಗ ಮೊದಲೆಲ್ಲ ಏನೂ ಅನ್ನಿಸುತ್ತಿರಲಿಲ್ಲ. ಈಗ ಪ್ರತಿ ಡಬ್ಬಿಯ ಮೇಲಿನ ಹೆಸರನ್ನು ಎರಡೆರಡು ಸಲ ಓದುತ್ತೇನೆ. ಕೈ ನಿಧಾನವಾಗಿದೆ. ಹೊರಗೆ ಕಾಯುವವರು ಗೊಣಗುತ್ತಾರೆ.

ಕೆಮ್ಮು ಹೇಗಿದೆ?

ಗಿರಿಜಾ


ಗಂಗೊಳ್ಳಿ
೧೯ ಜೂನ್ ೨೦೨೪

ಗಿರಿಜಕ್ಕೋರಿಗೆ,

ಹೀಗೆ ಕರೆದರೆ ನಿನಗೆ ಉರಿಯುತ್ತದೆ ಎಂದು ಗೊತ್ತಿದ್ದೇ ಬರೆದೆ.

ಏಳನೇ ಕ್ಲಾಸು ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆದವಳಲ್ಲ. ಮಳೆ ಶುರುವಾಗಿದೆ, ಬೋಟುಗಳೆಲ್ಲ ದಡದಲ್ಲಿವೆ, ಮಾರಲಿಕ್ಕೆ ಮೀನಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಮೇಲಿನ ಪ್ರೀತಿಯಿಂದಲ್ಲ.

ನನ್ನ ಕೆಮ್ಮಿನ ಗೊಡವೆ ನಿನಗೆ ಬೇಡ. ಅವರ ಕೆಮ್ಮಿನ ಸದ್ದು ಗೊತ್ತಾಗದ ನಿನಗೆ ನನ್ನದು ಬಸ್ಸಿನ ಕಿಟಕಿಯಲ್ಲಿ ಗೊತ್ತಾಯಿತಾ? ಹೋದ ಆಗಸ್ಟಿನಲ್ಲಿ ನೀನು ಏನೂ ಇಲ್ಲ ಎಂದು ಬರೆದುಕೊಟ್ಟೆ. ಅದನ್ನು ಬೋಟಿನ ಯಜಮಾನ ಸೀನಣ್ಣನಿಗೆ ತೋರಿಸಿ ಅವರು ಸಮುದ್ರಕ್ಕೆ ಹೋದರು. ಹತ್ತು ದಿನ ಅಲ್ಲಿ, ಎರಡು ದಿನ ಮನೆ. ಹೀಗೆ ನಾಲ್ಕು ತಿಂಗಳು. ಡಿಸೆಂಬರಿನಲ್ಲಿ ಬೋಟಿನಲ್ಲೇ ರಕ್ತ ಕಾರಿಕೊಂಡರು. ದೊಡ್ಡ ಆಸ್ಪತ್ರೆಯವರು ಎರಡೂ ಶ್ವಾಸಕೋಶ ಹೋಗಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ನಿನ್ನ ಕಾಗದ ನನ್ನ ಸೆರಗಿನಲ್ಲಿತ್ತು. ತೆಗೆದು ತೋರಿಸಲಿಲ್ಲ.

ನನಗೆ ಒಂದೇ ಒಂದು ತಿಳಿಯಬೇಕು. ಅಷ್ಟು ದೊಡ್ಡ ಆಳನ್ನು, ಎರಡಾಳಿನ ಬಲೆ ಒಬ್ಬನೇ ಎಳೆಯುವವರನ್ನು ತಿಂದು ಹಾಕಿತಲ್ಲ, ಆ ಹುಳ ಎಷ್ಟ್ ದೊಡ್ಡದಿತ್ತ್ ಹೆಣೆ? ನಿನ್ ದುರ್ಬೀನಂಗೆ ಎಂತಕ್ ಕಾಂತಿಲ್ಲೆ?

ಜಲಜ


ವಂಡ್ಸೆ
೩೦ ಜೂನ್ ೨೦೨೪

ಜಲಜಾ,

ಬಯ್ಯಲಿಕ್ಕಾದರೂ ಬರೆದೆಯಲ್ಲ. ಅಕ್ಕೋರು ಎಂದದ್ದಕ್ಕೆ ಉರಿದದ್ದು ಹೌದು.

ಎಷ್ಟು ದೊಡ್ಡದು ಎಂದು ಕೇಳಿದ್ದಿ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಇದೆಯಾ ಇಲ್ಲವಾ ಎಂದಷ್ಟೇ ಕೇಳುತ್ತಾರೆ. ಹೇಳುತ್ತೇನೆ, ಕೇಳು.

ನಿನ್ನ ತಲೆಯ ಒಂದು ಕೂದಲು ಕಿತ್ತುಕೋ. ಅದರ ಉದ್ದ ಬೇಡ, ದಪ್ಪ ನೋಡು. ಆ ದಪ್ಪದಲ್ಲಿ ಈ ಹುಳಗಳನ್ನು ಒಂದರ ತಲೆಗೆ ಒಂದರ ಕಾಲು ತಾಗಿಸಿ ಮಲಗಿಸಿದರೆ ಇಪ್ಪತ್ತಕ್ಕೂ ಹೆಚ್ಚು ಹಿಡಿಸುತ್ತವೆ. ತಲೆ ಕಾಲು ಇದಕ್ಕಿಲ್ಲ, ಮಾತಿಗೆ ಹೇಳಿದೆ. ಹುಳವೂ ಅಲ್ಲ, ಕಡ್ಡಿಯ ಹಾಗಿರುವ ಒಂದು ಜೀವ. ನೀನು ದುರ್ಬೀನು ಎನ್ನುವ ನನ್ನ ಮೈಕ್ರೋಸ್ಕೋಪು ಅದನ್ನು ಸಾವಿರ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಸಾವಿರ ಪಟ್ಟು ಎಂದರೆ ಎಷ್ಟು ಗೊತ್ತಾ? ಐದಡಿಯ ನಿನ್ನನ್ನು ಅಷ್ಟು ಮಾಡಿದರೆ ನೀನು ಕೊಡಚಾದ್ರಿಗಿಂತ ಎತ್ತರ ನಿಲ್ಲುತ್ತೀಯ. ಆ ಹುಳವನ್ನು ಅಷ್ಟು ಮಾಡಿದರೂ ಅರ್ಧ ಜೀರಿಗೆ ಕಾಳಿನಷ್ಟು. ಅದಕ್ಕೆ ಒಂದು ಬಣ್ಣ ಹಾಕಿ, ಕಾಯಿಸಿ, ಆಸಿಡ್ಡಿನಲ್ಲಿ ತೊಳೆಯುತ್ತೇವೆ. ಉಳಿದ ಎಲ್ಲದರ ಬಣ್ಣ ಹೋಗುತ್ತದೆ, ಇದರದ್ದು ಹೋಗುವುದಿಲ್ಲ. ಆಮೇಲೆ ನೀಲಿ ಹಾಕಿದರೆ, ನೀಲಿ ನೆಲದಲ್ಲಿ ಒಂದು ಸಣ್ಣ ಕೆಂಪು ಕಡ್ಡಿ. ಅದನ್ನು ನೋಡಿಯೇ ಗುರುತು ಹಿಡಿಯುವುದು.

ಒಮ್ಮೆ ಕಣ್ಣಿಟ್ಟರೆ ಕಾಣುವುದು ಗಾಜಿನ ಒಂದು ಚೂರು ಮಾತ್ರ, ಸಾಸಿವೆ ಕಾಳಿನ ಹತ್ತರಲ್ಲಿ ಒಂದು ಪಾಲು ಅಗಲ. ಅದಕ್ಕೆ ನಾವು ಒಂದು ನೋಟ ಎನ್ನುತ್ತೇವೆ. ಇಡೀ ಗಾಜು ನೋಡುವುದಾದರೆ ಹತ್ತು ಸಾವಿರ ನೋಟಕ್ಕೂ ಹೆಚ್ಚು. ಅಷ್ಟು ಯಾರಿಂದಲೂ ಆಗದು. ನೂರು ನೋಡಬೇಕು, ನೂರರಲ್ಲಿ ಒಂದೂ ಇಲ್ಲದಿದ್ದರೆ ಇಲ್ಲ ಎಂದು ಬರೆಯಬೇಕು. ಅದು ನಿಯಮ.

ಇಲ್ಲಿಯವರೆಗೆ ಬರೆದದ್ದು ಸುಲಭ.

ಗುಡ್ಡಣ್ಣನ ಗಾಜನ್ನು ನಾನು ನೂರು ನೋಟ ನೋಡಿದ್ದೇನೆ. ಅದರಲ್ಲಿ ಮೋಸ ಮಾಡಲಿಲ್ಲ. ನೀನು ನಿಮ್ಮ ಬಾಗಿಲಿನಲ್ಲಿ ಬಯ್ದು ಕಳಿಸಿದ ಮರುದಿನ ಹಳೆಯ ಗಾಜುಗಳ ಪೆಟ್ಟಿಗೆಯಿಂದ ಅದನ್ನು ಹುಡುಕಿ ತೆಗೆದು, ಐನೂರು ನೋಟ ನೋಡಿದೆ. ಆಮೇಲೆ ಇನ್ನೂ ಎರಡು ದಿನ ನೋಡಿದೆ. ಒಂದೇ ಒಂದು ಕೆಂಪು ಕಡ್ಡಿ ಇಲ್ಲ. ಆದರೆ ಅದರಲ್ಲಿ ಬೇರೆ ಒಂದು ಇತ್ತು. ಬಾಯಿಯ ಒಳಚರ್ಮದ ದೊಡ್ಡ ದೊಡ್ಡ ಚಪ್ಪಟೆ ಕೋಶಗಳು, ಹಪ್ಪಳ ಹರಡಿದ ಹಾಗೆ. ಎದೆಯಿಂದ ಬಂದ ಕಫದಲ್ಲಿ ಅವು ಅಷ್ಟು ಇರುವುದಿಲ್ಲ, ಕೀವಿನ ಕೋಶ ತುಂಬಿರುತ್ತದೆ. ಅಂದರೆ ಅದು ಕಫ ಅಲ್ಲ, ಬರೀ ಉಗುಳು.

ಇದು ನನಗೆ ಹೋದ ಆಗಸ್ಟಿನಲ್ಲಿಯೇ ಗೊತ್ತಿತ್ತು. ಮುಚ್ಚಳ ತೆಗೆದಾಗಲೇ ಗೊತ್ತಿತ್ತು, ನೀರಿನ ಹಾಗಿತ್ತು. ಗುಡ್ಡಣ್ಣ ಸರಿಯಾಗಿ ಕೆಮ್ಮಿ ತೆಗೆದಿಲ್ಲ ಅಂದುಕೊಂಡೆ. ಇದು ಆಗುವುದಿಲ್ಲ, ಇನ್ನೊಂದು ತೆಗೆದುಕೊಂಡು ಬನ್ನಿ ಎಂದು ಬೇರೆ ಯಾರಿಗಾದರೂ ಹೇಳುತ್ತಿದ್ದೆ. ನೀನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಬೋಟು ಹೊರಡುತ್ತದೆ, ಒಂದು ಕಾಗದ ಬೇಗ ಕೊಡು ಎಂದು ನಾಲ್ಕು ಸಲ ಬಂದು ಕೇಳಿದೆ. ರೋಗಿ ಖುದ್ದಾಗಿ ಬರಬೇಕು, ನಮ್ಮ ಎದುರೇ ಒಂದು ಡಬ್ಬಿ ಕೊಡಬೇಕು ಎಂಬುದನ್ನೂ ನಿನಗಾಗಿ ಬಿಟ್ಟುಕೊಟ್ಟು ಡಬ್ಬಿಗಳನ್ನು ಮನೆಗೆ ಕಳಿಸಿದ್ದೆ. ಪರಿಚಯದವಳು ಎಂದು ಮಾಡಿದ ಉಪಕಾರ ಅದು. ಹಾಗೆ ಉಗುಳನ್ನು ನೋಡಿ ಕಫದಲ್ಲಿ ಏನೂ ಇಲ್ಲ ಎಂದು ಬರೆದು ಸಹಿ ಹಾಕಿದೆ.

ನಿನಗೆ ಇನ್ನು ಬಯ್ಯಬೇಕಾದರೆ ಸರಿಯಾದ ಕಾರಣ ಸಿಕ್ಕಿತು. ಬಯ್ದುಕೋ. ಆದರೆ ಕಫ ಕೊಡು.

ಗಿರಿಜಾ


ಗಂಗೊಳ್ಳಿ
೧೪ ಆಗಸ್ಟ್ ೨೦೨೪

ಗಿರಿಜಾ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ. ದಿನಾ ಅಕ್ಕಿ ತೆಗೆಯುವಾಗ ಕಾಣುತ್ತಿತ್ತು. ಇವತ್ತು ಬರೆಯದಿದ್ದರೆ ಇನ್ನು ಬರೆಯುವುದಿಲ್ಲ.

ಬೋಟುಗಳು ಮತ್ತೆ ಹೊರಟವು. ಹೋದ ವರ್ಷ ಇದೇ ಹೊತ್ತಿಗೆ ಅವರೂ ಹೊರಟಿದ್ದರು. ಮಳೆಗಾಲ ಕಳೆದು ಮೊದಲ ಸಲ ಹೋಗುವಾಗ ಸಮುದ್ರಕ್ಕೆ ಹಾಲು ತೆಂಗಿನಕಾಯಿ ಕೊಡುತ್ತಾರಲ್ಲ. ಅದಾದ ಮೇಲೆ ಬೋಟು ಹೊರಡುವವರೆಗೆ ನಮ್ಮ ಬೋಟಿನವರು ಮನೆಗೆ ಬರುವುದಿಲ್ಲ, ಬೋಟಿನಲ್ಲೇ ಮಲಗುತ್ತಾರೆ. ನೀನು ಕೊಟ್ಟ ಡಬ್ಬಿ ಹಿಡಿದುಕೊಂಡು ನಾನು ಬಂದರಿಗೆ ಹೋದೆ. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ಇದರಲ್ಲಿ ಹಾಕಿ ಎಂದೆ. ಅವರು ಡಬ್ಬಿಯನ್ನು ಕೈಯಲ್ಲಿ ಮುಟ್ಟಲಿಲ್ಲ. "ಗಂಗೆಗ್ ಕಾಯ್ ಕೊಟ್ ಆಯ್ತ್. ಇನ್ನ್ ಉಗ್ದದ್ದನ್ನ್ ಬೋಟಿಂದ ದಡಕ್ ಕೊಡುಕಾಗ. ಬೋಟಿಗೇ ಆಗ್ತಿಲ್ಲೆ" ಎಂದರು. ಅದು ನಮ್ಮ ಬೋಟಿನ ಕ್ರಮ, ಅವರ ಅಪ್ಪನ ಕಾಲದಿಂದ. ನಾನು ಒತ್ತಾಯ ಮಾಡಲಿಲ್ಲ. ನನಗೂ ಹೆದರಿಕೆ ಇತ್ತು. ಅತ್ತ ಸೀನಣ್ಣ, ಗುಡ್ಡನಿಗೆ ಏನೂ ಇಲ್ಲ ಎಂಬ ಕಾಗದ ನಾಳೆಯೊಳಗೆ ಬರಲಿ, ಇಲ್ಲದಿದ್ದರೆ ಈ ಸೀಸನ್ನಿಗೆ ಬೇರೆ ಜನ ನೋಡುತ್ತೇನೆ ಎಂದಿದ್ದ.

ಬೆಳಿಗ್ಗೆ ನಾನೇ ಉಗುಳಿದೆ. ಎರಡು ಡಬ್ಬಿಗೂ ನಾನೇ.

ಸುಳ್ಳು ಮಾಡುತ್ತಿದ್ದೇನೆ ಅನ್ನಿಸಲಿಲ್ಲ ಗಿರಿಜಾ, ದೇವರಾಣೆ. ಒಂದೇ ಮನೆ, ಒಂದೇ ಗಂಜಿ, ಒಂದೇ ಚಾಪೆ, ಮೂವತ್ನಾಲ್ಕು ವರ್ಷ. ಅವರಿಗೆ ಇದ್ದರೆ ನನಗೂ ಇದ್ದೇ ಇರುತ್ತದೆ, ನನ್ನದರಲ್ಲಿ ಇಲ್ಲದಿದ್ದರೆ ಅವರದ್ದರಲ್ಲೂ ಇಲ್ಲ ಎಂದು ಲೆಕ್ಕ ಹಾಕಿದೆ. ನೀನು ಏನೂ ಇಲ್ಲ ಅಂದಾಗ ಎಷ್ಟು ಸಂತೋಷವಾಯಿತೆಂದರೆ, ಬರುವಾಗ ದಾರಿಯಲ್ಲಿ ಮಲ್ಲಿಗೆ ಮುಡಿದುಕೊಂಡೆ.

ಎಲ್ಲರೆದುರು ನಿನಗೆ ಬಯ್ದೆ. ಬಯ್ಯುವಾಗಲೂ ಗೊತ್ತಿತ್ತು. ನಿನ್ನನ್ನು ಕಂಡರೆ ಬಾಯಿ ಬಿಟ್ಟುಬಿಡುತ್ತೇನೆ ಎಂದು ಹೆದರಿ ಬರಬೇಡ ಅಂದೆ. ನೀನು ನೂರಲ್ಲ, ಹತ್ತು ಸಾವಿರ ನೋಡಿದರೂ ಅವರ ಹುಳ ಅಲ್ಲಿ ಎಲ್ಲಿಂದ ಬರಬೇಕು? ನನ್ನ ಮಗನಿಗೂ ಗೊತ್ತಿಲ್ಲ. ನಿನಗೆ ಮಾತ್ರ ಹೇಳಿದ್ದು.

ಈಗ ನನಗೆ ಬಂದಿದ್ದರೆ ಬರಲಿ. ನಾನು ಕೊಡುವುದಿಲ್ಲ. ಅವರದ್ದನ್ನು ಕೊಡದವಳು ನನ್ನದನ್ನು ಯಾವ ಬಾಯಲ್ಲಿ ಕೊಡಲಿ? ಕೂಸನ್ನು ಎತ್ತಿಕೊಳ್ಳುವುದು ಬಿಟ್ಟಿದ್ದೇನೆ. ಅದು ಕೈ ಚಾಚಿ ಅಳುತ್ತದೆ. ದಿವ್ಯಾ ನನಗೆ ಸಿಟ್ಟು ಬಂದಿದೆ ಅಂದುಕೊಂಡಿದ್ದಾಳೆ.

ಜಲಜ


ವಂಡ್ಸೆ
೧೬ ಆಗಸ್ಟ್ ೨೦೨೪

ಜಲಜಾ,

ಓದಿದೆ. ಮೂರು ಸಲ ಓದಿದೆ. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಏಳು ತಿಂಗಳು ನನ್ನ ಕಣ್ಣನ್ನು ನಾನೇ ಶಪಿಸಿಕೊಂಡು ಬದುಕಿದ್ದೇನೆ. ಆಮೇಲೆ ನೀನು ಮಲ್ಲಿಗೆ ಮುಡಿದದ್ದು ಓದಿ ಸಿಟ್ಟು ಉಳಿಯಲಿಲ್ಲ. ಸುಸ್ತು ಮಾತ್ರ ಉಳಿಯಿತು.

ನಿನ್ನ ಲೆಕ್ಕ ತಪ್ಪು. ಒಂದೇ ಚಾಪೆಯಲ್ಲಿ ಮಲಗಿದರೂ ಒಬ್ಬರ ಎದೆಯಲ್ಲಿರುವುದು ಇನ್ನೊಬ್ಬರ ಬಾಯಲ್ಲಿ ಇರಬೇಕೆಂದಿಲ್ಲ. ಆದರೆ ಆ ತಪ್ಪು ಲೆಕ್ಕವನ್ನು ನನ್ನ ಬಾಗಿಲಿನಲ್ಲಿ ಹಿಡಿಯಬೇಕಿತ್ತು. ಉಗುಳನ್ನು ವಾಪಸು ಕಳಿಸಿದ್ದರೆ ನೀನು ಸಿಕ್ಕಿಬೀಳುತ್ತಿದ್ದೆ. ನಾನು ಕಳಿಸಲಿಲ್ಲ.

ಕೂಸನ್ನು ಎತ್ತಿಕೊಳ್ಳದೆ ಇದ್ದರೆ ಸಾಲದು. ಒಂದೇ ಮನೆಯ ಗಾಳಿ. ನೀನು ಸಾಯಬೇಕೆಂದು ಹಟ ಹಿಡಿದರೆ ಹಿಡಿ, ಅದಕ್ಕೆ ಆ ಕೂಸಿನ ಜೊತೆ ಬೇಡ. ಸೋಮವಾರ ಬಾ. ಈ ಸಲ ನನ್ನೆದುರೇ ಕೆಮ್ಮಬೇಕು.

ಗಿರಿಜಾ


ವಂಡ್ಸೆ
೨೯ ಆಗಸ್ಟ್ ೨೦೨೪

ಜಲಜಾ,

ಸೋಮವಾರ ನೀನು ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ನಿನ್ನೆ, ನಾನು ಆಸೆ ಬಿಟ್ಟ ಮೇಲೆ ಬಂದೆ. ನಾನು ಡಬ್ಬಿ ಕೈಗೆ ಕೊಟ್ಟೆ. ಹಿತ್ತಲಿನ ಗೇರುಮರದ ಕೆಳಗೆ ನಿಂತು ನೀನು ಕೆಮ್ಮುತ್ತಿದ್ದಾಗ ನಿನ್ನ ಬೆನ್ನಿನ ಮೂಳೆಗಳು ಕಂಡವು. ಅಷ್ಟು ಇಳಿದಿದ್ದಿ ಎಂದು ಗೊತ್ತಿರಲಿಲ್ಲ.

ಫಲಿತಾಂಶವನ್ನು ಫೋನಿನಲ್ಲಿ ಹೇಳಬಹುದು, ಈಗ ನೀನು ಎತ್ತುತ್ತೀಯ. ಆದರೂ ಬರೆಯುತ್ತಿದ್ದೇನೆ. ಬಚ್ಚ ಮಧ್ಯಾಹ್ನದೊಳಗೆ ತಲುಪಿಸುತ್ತಾನೆ.

ನಿನ್ನ ಗಾಜನ್ನು ಬೆಳಿಗ್ಗೆ ಮೊದಲು ಇಟ್ಟೆ. ಒಳ್ಳೆಯ ಕಫ, ಕೀವಿನ ಕೋಶ ತುಂಬಿತ್ತು. ಐವತ್ತು ನೋಟದವರೆಗೆ ಏನೂ ಇಲ್ಲ. ಒಂದು ಮನಸ್ಸು ಇಲ್ಲದಿರಲಿ ಎನ್ನುತ್ತಿತ್ತು. ಅರವತ್ತೊಂದನೆಯದರಲ್ಲಿ ಎರಡು ಕೆಂಪು ಕಡ್ಡಿ, ಒಂದರ ಪಕ್ಕ ಒಂದು. ಗೀರಾಗಿರಬಹುದು, ಬಣ್ಣದ ಚೂರಾಗಿರಬಹುದು ಎಂದು ಫೋಕಸ್ ಮೇಲೆ ಕೆಳಗೆ ಮಾಡಿ ನೋಡಿದೆ. ಅಲ್ಲ. ನೂರು ಮುಗಿಯುವಾಗ ಒಟ್ಟು ಏಳು.

ನಿನಗೆ ಕ್ಷಯ ಇದೆ ಜಲಜ. ಕಂಡಾಗ ನನಗೆ ಸಂತೋಷವಾಯಿತು. ತಪ್ಪು ತಿಳಿಯಬೇಡ. ಕಂಡಿತಲ್ಲ, ಇನ್ನು ಮದ್ದು ಇದೆಯಲ್ಲ ಎಂದು ಕಣ್ಣಲ್ಲಿ ನೀರು ಬಂದು ಐದು ನಿಮಿಷ ಮುಂದಿನ ಗಾಜು ಇಡಲಿಕ್ಕಾಗಲಿಲ್ಲ.

ಆರು ತಿಂಗಳ ಗುಳಿಗೆ. ಒಂದು ದಿನವೂ ತಪ್ಪಬಾರದು. ಮೂತ್ರ ಕೆಂಪಾಗುತ್ತದೆ, ಹೆದರಬೇಡ. ರತನ್, ದಿವ್ಯಾ, ಕೂಸು ಮೂವರನ್ನೂ ನಾಳೆ ಕರೆದುಕೊಂಡು ಬಾ.

ಗಿರಿಜಾ


ಗಂಗೊಳ್ಳಿ
೧೦ ನವೆಂಬರ್ ೨೦೨೪

ಗಿರಿಜಾ,

ಎರಡು ತಿಂಗಳು ಗುಳಿಗೆ ನುಂಗಿದ ಮೇಲೆ ಕೊಟ್ಟ ಕಫದಲ್ಲಿ ಏನೂ ಇಲ್ಲ ಎಂದು ಬರೆದುಕೊಟ್ಟಿದ್ದಿ. ನಂಬಿದೆ. ಕೆಮ್ಮು ನಿಂತಿದೆ. ನಿನ್ನೆಯಿಂದ ಕೂಸು ನನ್ನ ಹತ್ತಿರವೇ ಮಲಗುತ್ತಿದೆ. ಅದಕ್ಕೆ ಏನೂ ಇಲ್ಲವಂತೆ, ಆದರೂ ಮುಂಜಾಗ್ರತೆಗೆ ಕೊಟ್ಟ ಮದ್ದನ್ನು ದಿವ್ಯಾ ದಿನಾ ಹಾಕುತ್ತಾಳೆ.

ರತನ್‌ಗೆ ಹೇಳಿದೆ. ಡಬ್ಬಿಯದ್ದು ಎಲ್ಲ ಹೇಳಿದೆ. ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದ. ಹನ್ನೊಂದು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಹನ್ನೆರಡನೇ ದಿನ ಬೈಂದೂರಿನಿಂದ ಬರುವಾಗ ಕಿತ್ತಳೆ ತಂದು ನನ್ನ ಮುಂದಿಟ್ಟು, "ಗುಳಿಗೆ ನುಂಗಿದ್ಯಾ?" ಎಂದ. ಅಷ್ಟೇ. ಅಪ್ಪನ ಮಾತು ಎತ್ತಲಿಲ್ಲ. ಎತ್ತುವುದೂ ಇಲ್ಲ ಅನ್ನಿಸುತ್ತದೆ.

ನಿನ್ನನ್ನು ಒಂದು ಕೇಳಬೇಕು. ಎದುರು ಕೂತಾಗ ಬಾಯಿಗೆ ಬರುತ್ತದೆ, ಕೇಳಲಿಕ್ಕಾಗುವುದಿಲ್ಲ. ಆ ದಿನ ಅವರದ್ದನ್ನೇ ತಂದುಕೊಟ್ಟಿದ್ದರೆ ನಿನಗೆ ಕಾಣುತ್ತಿತ್ತಾ? ನನ್ನದು ಅರವತ್ತು ನೋಟದವರೆಗೆ ಸಿಗದ ಹಾಗೆ, ಅದೂ ಎಲ್ಲೋ ಅಡಗಿ ಕೂತು ಸಿಗದೇ ಹೋಗುತ್ತಿತ್ತಾ? ಅಷ್ಟು ಸಣ್ಣದು ಎಂದು ನೀನೇ ಬರೆದಿದ್ದಿ. ನನ್ನನ್ನು ಸಮಾಧಾನ ಮಾಡಲಿಕ್ಕೆ ಬರೆಯಬೇಡ. ಇದ್ದದ್ದನ್ನು ಬರಿ.

ಜಲಜ


ವಂಡ್ಸೆ
೧೨ ನವೆಂಬರ್ ೨೦೨೪

ಜಲಜಾ,

ಕಾಣುತ್ತಿತ್ತು.

ಹೇಳಲಿಕ್ಕಾಗುವುದಿಲ್ಲ ಎಂದು ಬರೆದು ಮುಗಿಸಬಹುದಿತ್ತು. ನೀನು ನಂಬುತ್ತಿದ್ದೆ, ಇಬ್ಬರಿಗೂ ನಿದ್ದೆ ಬರುತ್ತಿತ್ತು. ಹಾಗೊಂದು ಸುಳ್ಳಿನ ಕಾಗದ ನಿನಗೆ ಒಮ್ಮೆ ಬರೆದುಕೊಟ್ಟಿದ್ದೇನೆ, ಇನ್ನೊಮ್ಮೆ ಕೈ ಏಳುವುದಿಲ್ಲ.

ಅಷ್ಟು ಕೆಮ್ಮುತ್ತಿದ್ದವರ ಕಫದಲ್ಲಿ ನೂರು ನೋಟ ಬೇಕಾಗುತ್ತಿರಲಿಲ್ಲ. ನಾಲ್ಕೈದರಲ್ಲೇ ಸಿಗುತ್ತಿತ್ತು. ಆಗಸ್ಟಿನಲ್ಲೇ ಗುಳಿಗೆ ಶುರುವಾಗಿದ್ದರೆ ಗುಡ್ಡಣ್ಣ ಬದುಕುತ್ತಿದ್ದರು ಎಂದೇ ನನ್ನ ಎಣಿಕೆ. ನೀನು ಉಗುಳಿದೆ, ಉಗುಳೆಂದು ಗೊತ್ತಿದ್ದೂ ನಾನು ಸಹಿ ಹಾಕಿದೆ. ಈ ತಪ್ಪಿನಲ್ಲಿ ನಿನ್ನ ಪಾಲು ನನಗೆ ಕೊಡುತ್ತೇನೆ ಅಂದರೂ ನೀನು ಕೊಡಲಾರೆ, ನನ್ನದೂ ಹಾಗೆಯೇ.

ಭಾನುವಾರ ಬರುತ್ತೇನೆ. ಇದನ್ನು ಓದಿದ ಮೇಲೆ ನನ್ನನ್ನು ನೋಡಲು ಮನಸ್ಸಾಗದಿದ್ದರೆ ಒಳಗೇ ಇರು, ನಾನು ಕೂಸಿನ ಹತ್ತಿರ ಕೂತು ಸಂಜೆಯ ಬಸ್ಸಿಗೆ ಹೋಗುತ್ತೇನೆ. ಆದರೆ ಇವತ್ತಿನ ಗುಳಿಗೆ ನುಂಗು, ನಾಳೆಯದ್ದನ್ನೂ ನುಂಗು. ಇನ್ನೂ ಮೂರೂವರೆ ತಿಂಗಳಿದೆ.

ಗಿರಿಜಾ